ಕೋಳಿ ಶೆಡ್ಡಿಗೂ ಬಂದರಿನ ಸುಂಕಕ್ಕೂ ಏನು ಸಂಬಂಧ?



ಹಾಲಿನವರ ಪತ್ರಿಕೆಯಲ್ಲಿ ಕೋಳಿಯ ಮಾತೇಕೆ ಎಂದು ತಾವು ಕೇಳಬಹುದು. ಸಂಘಕ್ಕೆ ಎರಡು ಹೊತ್ತು ಹಾಲು ಹಾಕುವ ಸದಸ್ಯರಲ್ಲಿ ಕೆಲವರ ಹೊಲದ ಬದುವಿನಲ್ಲಿ ಈಗ ಕೋಳಿ ಶೆಡ್ಡೂ ಇದೆ. ಹಾಲಿನ ಬಟವಾಡೆಯಿಂದ ಮನೆ ಖರ್ಚು, ಕೋಳಿಯ ಹಣದಿಂದ ಬ್ಯಾಂಕಿನ ಕಂತು ಎಂದು ಲೆಕ್ಕ ಹಾಕಿಕೊಂಡವರಿದ್ದಾರೆ. ಇನ್ನು ಅನೇಕರು ಮುಂಗಾರಿನಲ್ಲಿ ಮೆಕ್ಕೆಜೋಳ ಬಿತ್ತುತ್ತಾರೆ. ಆ ಕಾಳಿನಲ್ಲಿ ದೊಡ್ಡ ಪಾಲು ಹೋಗುವುದು ಕೋಳಿಯ ಹೊಟ್ಟೆಗೆ. ಅದೇ ಕಾಳು ನಮ್ಮ ಪಶು ಆಹಾರದ ಚೀಲದಲ್ಲೂ ಇದೆ. ಆದ್ದರಿಂದ ಮೆಕ್ಕೆಜೋಳದ ಬೆಲೆ ಏರಿದರೆ ಒಂದೇ ಮನೆಯಲ್ಲಿ ಅಣ್ಣನಿಗೆ ಲಾಭ, ತಮ್ಮನಿಗೆ ನಷ್ಟ ಎಂಬ ಪರಿಸ್ಥಿತಿ ಬರುತ್ತದೆ.

ಶೆಡ್ಡು ಇರುವವರು ಆಗಾಗ ಕೇಳುವ ಪ್ರಶ್ನೆಯೊಂದಿದೆ. "ಮೊದಲು ಬ್ಯಾಚ್ ಎತ್ತಿದ ಹದಿನೈದು ದಿನಕ್ಕೆ ಹೊಸ ಮರಿ ಬರುತ್ತಿತ್ತು. ಈಗ ತಿಂಗಳಾದರೂ ಕಂಪನಿಯವರು ಮರಿ ಬಿಡುತ್ತಿಲ್ಲ. ನಮ್ಮ ಸಾಕಣೆಯಲ್ಲಿ ಏನು ತಪ್ಪಾಯಿತು?" ಎಂಬುದೇ ಆ ಪ್ರಶ್ನೆ. ಅನೇಕ ಸಲ ಶೆಡ್ಡಿನಲ್ಲಿ ಯಾವ ತಪ್ಪೂ ಆಗಿರುವುದಿಲ್ಲ. ಕಾರಣ ದೆಹಲಿಯ ಒಂದು ಅಧಿಸೂಚನೆಯಲ್ಲಿರಬಹುದು, ಉಕ್ರೇನಿನಿಂದ ಹೊರಟ ಹಡಗಿನಲ್ಲಿರಬಹುದು, ಇಲ್ಲವೇ ಅಮೆರಿಕದವರ ಊಟದ ರುಚಿಯಲ್ಲಿರಬಹುದು. ಈ ದಾರಿಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಂದು ಕಿಲೋ ಕೋಳಿಯಲ್ಲಿ ಎಷ್ಟು ಮೆಕ್ಕೆಜೋಳ?

ಫಾರಂ ಕೋಳಿ ಒಂದು ಕಿಲೋ ತೂಕ ಬರಲು ಸುಮಾರು 1.7 ಕಿಲೋ ಆಹಾರ ತಿನ್ನುತ್ತದೆ. ಆಹಾರದಲ್ಲಿ ಹೆಚ್ಚುಕಡಿಮೆ ಶೇ. 60 ಮೆಕ್ಕೆಜೋಳ, ಕಾಲು ಭಾಗಕ್ಕಿಂತ ತುಸು ಹೆಚ್ಚು ಸೋಯಾ ಹಿಂಡಿ. ಉಳಿದದ್ದು ಎಣ್ಣೆ, ಖನಿಜ, ಜೀವಸತ್ವ ಇತ್ಯಾದಿ. 1.7 ಕಿಲೋದಲ್ಲಿ ಶೇ. 60 ಎಂದರೆ ಸರಿಸುಮಾರು ಒಂದು ಕಿಲೋ. ಲೆಕ್ಕ ನೆನಪಿಡಲು ಸುಲಭ: ಮೆಕ್ಕೆಜೋಳ ಕಿಲೋಗೆ 1 ರೂ. ಏರಿದರೆ ಜೀವಂತ ಕೋಳಿಯ ಖರ್ಚೂ ಕಿಲೋಗೆ 1 ರೂ. ಏರುತ್ತದೆ. ಸೋಯಾ ಹಿಂಡಿ ಕಿಲೋಗೆ 10 ರೂ. ಏರಿದರೆ ಕೋಳಿಯ ಖರ್ಚು ಸುಮಾರು ಐದು ರೂಪಾಯಿ ಏರುತ್ತದೆ.

5,000 ಮರಿ ಬಿಡುವ ಶೆಡ್ಡನ್ನು ತೆಗೆದುಕೊಳ್ಳಿ. ನೂರಕ್ಕೆ ಐದು ಸತ್ತರೂ 4,750 ಕೋಳಿ, ಎರಡು ಕಿಲೋ ತೂಕದಂತೆ 9,500 ಕಿಲೋ. ಒಂದು ಬ್ಯಾಚಿಗೆ 16 ಟನ್ ಆಹಾರ, ಅದರಲ್ಲಿ ಹತ್ತು ಟನ್ನಿನಷ್ಟು ಮೆಕ್ಕೆಜೋಳ. ಕ್ವಿಂಟಾಲಿಗೆ 200 ರೂ. ಆಚೀಚೆ ಆದರೆ ಒಂದು ಬ್ಯಾಚಿನಲ್ಲಿ 20,000 ರೂ. ವ್ಯತ್ಯಾಸ. ಮೊಟ್ಟೆ ಕೋಳಿಯದೂ ಇದೇ ಕಥೆ. ದಿನಕ್ಕೆ 110 ಗ್ರಾಂ ತಿನ್ನುವ ಕೋಳಿ ವರ್ಷಕ್ಕೆ 300 ಮೊಟ್ಟೆ ಇಟ್ಟರೂ ಒಂದೊಂದು ಮೊಟ್ಟೆಯ ಹಿಂದೆ 130 ಗ್ರಾಮಿಗಿಂತ ಹೆಚ್ಚು ಆಹಾರ ಇರುತ್ತದೆ.

ಕೋಳಿ ಸಾಕುವ ಒಟ್ಟು ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಆಹಾರದ್ದೇ. ಹೀಗಿರುವಾಗ ಕೋಳಿ ಉದ್ಯಮದವರು ಸರ್ಕಾರದ ಕೋಳಿ ನೀತಿಗಿಂತ ಮೆಕ್ಕೆಜೋಳದ ನೀತಿಯನ್ನೇ ಹೆಚ್ಚು ಗಮನಿಸುವುದರಲ್ಲಿ ಆಶ್ಚರ್ಯವಿಲ್ಲ.

ಹಾಲಿನ ಪುಡಿ, ಮೆಕ್ಕೆಜೋಳ: ಒಂದೇ ಕಾಗದದಲ್ಲಿ

ಗ್ಯಾಟ್, ಡಂಕೆಲ್ ಎಂಬ ಮಾತುಗಳು ಹಳಬರಿಗೆ ನೆನಪಿರಬೇಕು. 1993ರಲ್ಲಿ ಬೆಂಗಳೂರಿನಲ್ಲಿ ರೈತ ಸಂಘದ ದೊಡ್ಡ ಸಭೆಯಾಗಿತ್ತು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸ್ಥಾಪನೆಯಾಯಿತು. ಅದೇ ವರ್ಷ ಬ್ರಿಗೇಡ್ ರಸ್ತೆಯಲ್ಲಿ ಅಮೆರಿಕದ ಕರಿದ ಕೋಳಿಯ ಅಂಗಡಿ ತೆರೆದು ಗಲಾಟೆಗೆ ಕಾರಣವಾಯಿತು. ಆಗ ಎಲ್ಲರ ಕಣ್ಣು ಅಂಗಡಿಯ ಮೇಲಿತ್ತು. ಆದರೆ ಮುಖ್ಯವಾದ ವಿಷಯ ಸುಂಕದ ಪಟ್ಟಿಯಲ್ಲಿತ್ತು.

ಯಾವ ಪದಾರ್ಥಕ್ಕೆ ಹೆಚ್ಚೆಂದರೆ ಎಷ್ಟು ಆಮದು ಸುಂಕ ಹಾಕಬಹುದು ಎಂದು ಪ್ರತಿ ದೇಶವೂ ಈ ಸಂಸ್ಥೆಗೆ ಬರೆದುಕೊಡಬೇಕು. ಬರೆದುಕೊಟ್ಟ ಮಿತಿಯನ್ನು ಮೀರುವಂತಿಲ್ಲ. ಹೆಚ್ಚಿನ ಕೃಷಿ ಪದಾರ್ಥಗಳಿಗೆ ಭಾರತ ಶೇ. 100, ಶೇ. 150ರಂತಹ ಎತ್ತರದ ಮಿತಿ ಬರೆಯಿತು. ಆದರೆ ಕೆಲವಕ್ಕೆ ಹಿಂದಿನ ಗ್ಯಾಟ್ ಕಾಲದಿಂದಲೂ ಸೊನ್ನೆ ಸುಂಕದ ಒಪ್ಪಿಗೆ ಇತ್ತು. ಆ ಪಟ್ಟಿಯಲ್ಲಿ ಕೆನೆರಹಿತ ಹಾಲಿನ ಪುಡಿಯೂ ಇತ್ತು, ಮೆಕ್ಕೆಜೋಳವೂ ಇತ್ತು. ಪರವಾನಗಿ, ಪ್ರಮಾಣ ನಿರ್ಬಂಧ ಇರುವ ತನಕ ಸೊನ್ನೆ ಸುಂಕದಿಂದ ತೊಂದರೆಯಿರಲಿಲ್ಲ, ಏಕೆಂದರೆ ಬಾಗಿಲಿಗೇ ಬೀಗವಿತ್ತು. ಈ ಬೀಗದ ವಿರುದ್ಧ ಅಮೆರಿಕ ದೂರು ಕೊಟ್ಟು ಗೆದ್ದಿತು. 2001ರ ಏಪ್ರಿಲ್ 1ಕ್ಕೆ ಕೊನೆಯ 715 ಪದಾರ್ಥಗಳ ಮೇಲಿನ ಪ್ರಮಾಣ ನಿರ್ಬಂಧವೂ ಹೋಯಿತು. ಯೂರೋಪಿನ ಸಬ್ಸಿಡಿ ಪಡೆದ ಹಾಲಿನ ಪುಡಿ 1999-2000ರಲ್ಲಿ ಸಾವಿರಾರು ಟನ್ ಬಂದಿಳಿದಾಗ ಹಾಲು ಒಕ್ಕೂಟಗಳಿಗೆ ಬಿಸಿ ತಟ್ಟಿತು.

ಆಗ ಭಾರತ ಹಳೆಯ ಒಪ್ಪಿಗೆಯನ್ನು ಮತ್ತೆ ಮಾತುಕತೆಗೆ ತೆಗೆದುಕೊಂಡಿತು. ಫಲವಾಗಿ ಎರಡಕ್ಕೂ ಒಂದೇ ಬಗೆಯ ವ್ಯವಸ್ಥೆ ಬಂತು. ಹಾಲಿನ ಪುಡಿ ವರ್ಷಕ್ಕೆ 10,000 ಟನ್ನಿನವರೆಗೆ ಶೇ. 15 ಸುಂಕ, ಅದರ ಮೇಲೆ ಶೇ. 60ರವರೆಗೆ. ಮೆಕ್ಕೆಜೋಳಕ್ಕೆ ಕೆಲವು ವರ್ಷಗಳಲ್ಲಿ 5 ಲಕ್ಷ ಟನ್ನಿಗೆ ಏರಿದ ಕೋಟಾ, ಅಲ್ಲಿಯವರೆಗೆ ಶೇ. 15, ಅದರ ಮೇಲೆ ಶೇ. 60ರವರೆಗೆ. ಇದನ್ನು ಸುಂಕದ ಕೋಟಾ ಎನ್ನುತ್ತಾರೆ. ತೂಬಿನಂತೆ ಎನ್ನಬಹುದು: ಸ್ವಲ್ಪ ನೀರು ಸುಲಭವಾಗಿ ಹರಿಯುತ್ತದೆ, ಹೆಚ್ಚು ಬೇಕೆಂದರೆ ಹಲಗೆ ಎತ್ತಲು ಬಲ ಬೇಕು.

ಈ ಎರಡರ ನಂಟು ಇಂದಿಗೂ ಬಿಟ್ಟಿಲ್ಲ. 2024ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ಕಡಿಮೆ ಸುಂಕದ ಆಮದಿಗೆ ಅನುಮತಿ ಕೊಟ್ಟಾಗ ಮೆಕ್ಕೆಜೋಳ ಸುಮಾರು 5 ಲಕ್ಷ ಟನ್, ಹಾಲಿನ ಪುಡಿ 10,000 ಟನ್ ಎಂದು ಎರಡೂ ಒಟ್ಟಿಗೇ ಪ್ರಕಟವಾದವು. ಕೋಳಿಯವರಿಗೆ ಅದು ಸಿಹಿ ಸುದ್ದಿ. ಹಾಲಿನವರಾದ ನಾವು ಸುದ್ದಿಯ ಎರಡನೇ ಸಾಲನ್ನು ಎರಡು ಸಲ ಓದಬೇಕಾಯಿತು.

ಕೋಳಿಗೋ, ಪೆಟ್ರೋಲಿಗೋ?

2024ರಲ್ಲಿ ಮೆಕ್ಕೆಜೋಳಕ್ಕೆ ಅಷ್ಟು ಬರ ಏಕಾಯಿತು? 2023ರಲ್ಲಿ ಮಳೆ ಕೈಕೊಟ್ಟು ಕಬ್ಬು ಕಡಿಮೆಯಾಗುವ ಭಯ ಹುಟ್ಟಿತು. ಸಕ್ಕರೆ ಸಾಲದಾದೀತೆಂದು ಆ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥನಾಲ್ ಮಾಡುವುದಕ್ಕೆ ಕೇಂದ್ರ ಸರ್ಕಾರ ಕಡಿವಾಣ ಹಾಕಿತು. ಪೆಟ್ರೋಲಿಗೆ ಬೆರೆಸಲು ಎಥನಾಲ್ ಬೇಕೇ ಬೇಕು. ಮೆಕ್ಕೆಜೋಳದಿಂದ ಮಾಡಿದ ಎಥನಾಲಿಗೆ ಲೀಟರಿಗೆ 5.79 ರೂ. ಹೆಚ್ಚಿಗೆ ಕೊಟ್ಟು ದರವನ್ನು 71.86 ರೂ.ಗೆ ಏರಿಸಿದರು. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬರುತ್ತದೆ. ಡಿಸ್ಟಿಲರಿಯವರು ಮಂಡಿಗೆ ಇಳಿದರು. ಅಲ್ಲಿಯವರೆಗೆ ಮೆಕ್ಕೆಜೋಳದ ದೊಡ್ಡ ಗಿರಾಕಿ ಕೋಳಿಯವರಾಗಿದ್ದರು. ಈಗ ಅವರ ಎದುರಿಗೆ ಜೇಬು ಭರ್ತಿಯಾದ ಇನ್ನೊಬ್ಬ ಗಿರಾಕಿ ನಿಂತ.

ಹಿಂದೆ ಹೊರದೇಶಕ್ಕೆ ಲಕ್ಷಾಂತರ ಟನ್ ಮೆಕ್ಕೆಜೋಳ ಕಳಿಸುತ್ತಿದ್ದ ಭಾರತ 2024ರಲ್ಲಿ ತಾನೇ ಕೊಳ್ಳುವ ದೇಶವಾಯಿತು. ಎಲ್ಲಿಂದ ಕೊಳ್ಳಬೇಕೆನ್ನುವುದರಲ್ಲೂ ನೀತಿಯ ಕೈವಾಡವಿದೆ. ಪ್ರಪಂಚದಲ್ಲಿ ಅತಿ ಹೆಚ್ಚು ಮೆಕ್ಕೆಜೋಳ ಮಾರುವ ಅಮೆರಿಕ, ಬ್ರೆಜಿಲ್, ಅರ್ಜೆಂಟೀನಾಗಳಲ್ಲಿ ಬೆಳೆಯುವುದು ಬಹುಪಾಲು ಕುಲಾಂತರಿ ತಳಿ. ಅಂತಹ ಕಾಳಿಗೆ ನಮ್ಮಲ್ಲಿ ಪ್ರವೇಶ ಕೊಟ್ಟಿರಲಿಲ್ಲ. ಉಳಿದದ್ದು ಮ್ಯಾನ್ಮಾರ್ ಮತ್ತು ಉಕ್ರೇನ್. ಮ್ಯಾನ್ಮಾರ್ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವುದರಿಂದ ಅಲ್ಲಿನ ಕಾಳಿಗೆ ಸುಂಕವಿಲ್ಲ. ಉಕ್ರೇನಿನದು ಕೋಟಾದಡಿ ಬಂತು. 2025ರ ವ್ಯಾಪಾರ ಮಾತುಕತೆಯಲ್ಲಿ ಅಮೆರಿಕದ ವಾಣಿಜ್ಯ ಸಚಿವರು, ಇಷ್ಟು ಜನರಿರುವ ದೇಶ ನಮ್ಮಿಂದ ಒಂದು ಅಳತೆ ಮೆಕ್ಕೆಜೋಳವನ್ನೂ ಕೊಳ್ಳುವುದಿಲ್ಲವೇಕೆ ಎಂದು ಬಹಿರಂಗವಾಗಿ ಕೇಳಿದ್ದು ಈ ಹಿನ್ನೆಲೆಯಲ್ಲಿಯೇ.

ಒಂದೇ ವರ್ಷದಲ್ಲಿ ಪುಟ ತಿರುಗಿತು. ಬೆಲೆ ನೋಡಿ ರೈತರು ಹೆಚ್ಚು ಬಿತ್ತಿದರು. 2025ರ ನವೆಂಬರ್ ಹೊತ್ತಿಗೆ ನಮ್ಮ ರಾಜ್ಯದ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳ ಕ್ವಿಂಟಾಲಿಗೆ 1,600ರಿಂದ 1,800 ರೂ.ಗೆ ಇಳಿಯಿತು. ಕನಿಷ್ಠ ಬೆಂಬಲ ಬೆಲೆ 2,400 ರೂ. ಇತ್ತು. ಹಾವೇರಿ, ಗದಗ ಕಡೆ ರೈತರು ಬೀದಿಗಿಳಿದರು. ಆಮದು ನಿಲ್ಲಿಸಿ, ಬೆಂಬಲ ಬೆಲೆಗೆ ಖರೀದಿಸಿ ಎಂದು ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಹಿಂದಿನ ವರ್ಷ ಇದೇ ಕಾಳಿಗಾಗಿ ಸುಂಕವಿಲ್ಲದೆ ಆಮದು ಮಾಡಲು ಬಿಡಿ ಎಂದು ಕೋಳಿ ಉದ್ಯಮದವರು ದೆಹಲಿಗೆ ಅಲೆದಿದ್ದರು. ಇಬ್ಬರ ಬೇಡಿಕೆಯೂ ಅವರವರ ಕಾಲಕ್ಕೆ ನ್ಯಾಯವಾದದ್ದೇ.

ನಮ್ಮ ಅಭಿಪ್ರಾಯದಲ್ಲಿ ತೊಂದರೆ ಇರುವುದು ಆಮದು ಬೇಕೋ ಬೇಡವೋ ಎನ್ನುವುದಕ್ಕಿಂತ ಅದರ ವೇಳೆಯಲ್ಲಿ. ಕಾಳು ಸಿಗದೆ ಕೋಳಿಯವರು ಕೂಗುವುದು ಮೇ, ಜೂನ್, ಜುಲೈನಲ್ಲಿ. ಕಡತ ಓಡಾಡಿ, ಅನುಮತಿ ಬಂದು, ಟೆಂಡರ್ ಆಗಿ, ಹಡಗು ಹೊರಟು ಬಂದರು ಮುಟ್ಟುವಾಗ ಕೆಲವು ತಿಂಗಳು ಕಳೆದಿರುತ್ತದೆ. ಆ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗ, ಹಾವೇರಿ, ಶಿವಮೊಗ್ಗದ ಹೊಸ ಕಾಳು ಕಣದಲ್ಲಿ ಒಣಗುತ್ತಿರುತ್ತದೆ. ಬೇಕಾದಾಗ ಬಾರದ ಕಾಳು ಬೇಡವಾದಾಗ ಬಂದು ಮಂಡಿಯಲ್ಲಿ ಕೂತರೆ ಕೋಳಿಯವನ ಕಷ್ಟವೂ ತೀರುವುದಿಲ್ಲ, ಬೆಳೆಗಾರನೂ ಉಳಿಯುವುದಿಲ್ಲ.

ಸೋಯಾ ಹಿಂಡಿಯ ವರ್ಷ

ವೇಳೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2021 ಒಳ್ಳೆಯ ಉದಾಹರಣೆ. ಆ ಬೇಸಿಗೆ, ಮಳೆಗಾಲದಲ್ಲಿ ಇಂದೋರಿನ ಮಾರುಕಟ್ಟೆಯಲ್ಲಿ ಸೋಯಾ ಅವರೆ ಕ್ವಿಂಟಾಲಿಗೆ 10,000 ರೂ. ಮುಟ್ಟಿತು. ಹಿಂದಿನ ವರ್ಷ ಕಿಲೋಗೆ 40 ರೂ. ಆಸುಪಾಸಿನಲ್ಲಿದ್ದ ಹಿಂಡಿ 90 ರೂ. ದಾಟಿತು. ಮೇಲಿನ ಲೆಕ್ಕ ಹಾಕಿ ನೋಡಿ: ಒಂದು ಕಿಲೋ ಕೋಳಿಗೆ ಬರೀ ಹಿಂಡಿಯಿಂದಲೇ ಇಪ್ಪತ್ತು ರೂಪಾಯಿಗೂ ಮೀರಿದ ಹೆಚ್ಚುವರಿ ಖರ್ಚು. ಅದಕ್ಕೆ ಹಿಂದಿನ ವರ್ಷವಷ್ಟೇ, ಕೋಳಿ ತಿಂದರೆ ಕೊರೊನಾ ಬರುತ್ತದೆಂಬ ಸುಳ್ಳು ಸುದ್ದಿಯಿಂದ ಕೋಳಿಯನ್ನು ಕೇಳುವವರಿಲ್ಲದೆ ಸಾಕಣೆದಾರರು ಸೊರಗಿದ್ದರು.

2021ರ ಆಗಸ್ಟ್ 24ರಂದು 12 ಲಕ್ಷ ಟನ್ ಸೋಯಾ ಹಿಂಡಿಯನ್ನು ಹೊರಗಿನಿಂದ ತರಲು ಕೇಂದ್ರ ಒಪ್ಪಿತು. ಅದು ಕುಲಾಂತರಿ ಸೋಯಾದಿಂದ ತೆಗೆದ ಹಿಂಡಿ. ಎಣ್ಣೆ ತೆಗೆದು ಅರೆದ ಹಿಂಡಿಯಲ್ಲಿ ಜೀವವಿಲ್ಲ, ಬಿತ್ತಿದರೆ ಮೊಳೆಯುವುದಿಲ್ಲ, ಆದ್ದರಿಂದ ಪರಿಸರಕ್ಕೆ ಅಪಾಯವಿಲ್ಲ ಎಂಬ ವಾದದ ಮೇಲೆ ಅನುಮತಿ ಕೊಡಲಾಯಿತು. ಮೊದಲು ಅಕ್ಟೋಬರ್ ಕೊನೆಯವರೆಗೆ ಗಡುವು, ಆಮೇಲೆ 2022ರ ಜನವರಿವರೆಗೆ ವಿಸ್ತರಣೆ. ಇತ್ತ ಸೋಯಾ ಕೊಯ್ಲು ಶುರುವಾಗುವುದು ಸೆಪ್ಟೆಂಬರ್ ಕೊನೆಗೆ. ಬೀದರ್, ಬೆಳಗಾವಿ, ಧಾರವಾಡದ ಬೆಳೆಗಾರರು ಹತ್ತು ಸಾವಿರದ ಆಸೆಯಿಂದ ಕಾದಿದ್ದರು. ಕಾಳು ಮಾರುಕಟ್ಟೆಗೆ ಬರುವ ಹೊತ್ತಿಗೆ ಆ ಬೆಲೆ ಕರಗಿತ್ತು. ಅತ್ತ ಜೂನ್‌ನಿಂದ ಆಗಸ್ಟ್‌ವರೆಗೆ ದುಬಾರಿ ಹಿಂಡಿ ತಿನ್ನಿಸಿದ ಕೋಳಿಯವರಿಗೂ ಆ ನಷ್ಟ ತುಂಬಿ ಬರಲಿಲ್ಲ.

ಅಮೆರಿಕದವರು ತಿನ್ನದ ಕಾಲು

ಇಲ್ಲಿಯವರೆಗೆ ಹೇಳಿದ್ದು ಶೆಡ್ಡಿನೊಳಗೆ ಹೋಗುವ ಸಾಮಾನಿನ ಮಾತು. ಶೆಡ್ಡಿನಿಂದ ಹೊರಗೆ ಬರುವ ಸಾಮಾನಿಗೂ, ಅಂದರೆ ಮಾಂಸಕ್ಕೂ, ಬಂದರಿನಲ್ಲಿ ಒಂದು ಬಾಗಿಲಿದೆ.

ನಮ್ಮಲ್ಲಿ ಸಾರಿಗೆ ಕಾಲು ಬಿದ್ದರೆ ಖುಷಿ. ಮನೆಯ ಮಕ್ಕಳು ಜಗಳವಾಡುವುದೂ ಕಾಲಿಗಾಗಿಯೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಜನ ಇಷ್ಟಪಡುವುದು ಎದೆಯ ಬಿಳಿ ಮಾಂಸ. ಕೋಳಿ ಕಂಪನಿಗಳು ಖರ್ಚು, ಲಾಭ ಎಲ್ಲವನ್ನೂ ಬಹುಮಟ್ಟಿಗೆ ಎದೆಮಾಂಸದಿಂದಲೇ ಎತ್ತಿಕೊಳ್ಳುತ್ತವೆ. ಕಾಲು ಉಳಿಕೆ ಸಾಮಾನು. ಹೆಪ್ಪುಗಟ್ಟಿಸಿ ಎಷ್ಟಕ್ಕಾದರೂ ಹೊರಗೆ ಮಾರಿದರೆ ಸಿಕ್ಕಿದ್ದೇ ಲಾಭ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ನಮ್ಮ ರೈತ ಎಷ್ಟೇ ಚೆನ್ನಾಗಿ ಸಾಕಲಿ, ಎಷ್ಟೇ ಕಡಿಮೆ ಆಹಾರದಲ್ಲಿ ತೂಕ ಬರಿಸಲಿ, ಉಳಿಕೆ ಸಾಮಾನಿನ ಬೆಲೆಯೊಡನೆ ಪೈಪೋಟಿ ಮಾಡಲಾರ. ಅವನದು ಇಡೀ ಕೋಳಿಯ ಖರ್ಚು, ಅವರದು ಬರೀ ಕಾಲು ಸಾಗಿಸುವ ಖರ್ಚು. ಪುಡಿ ಹೆಚ್ಚಾದ ದೇಶಗಳು ಹಾಲಿನ ಪುಡಿಯನ್ನು ಸಬ್ಸಿಡಿ ಕೊಟ್ಟು ಹೊರಗೆ ತಳ್ಳುತ್ತಿದ್ದುದನ್ನು ಕಂಡ ನಮಗೆ ಇದು ಹೊಸದಲ್ಲ.

ಬೇರೆ ದೇಶಗಳ ಅನುಭವ ನೋಡಿ. 1990ರ ಸುಮಾರಿಗೆ ಅಂದಿನ ಸೋವಿಯತ್ ಒಕ್ಕೂಟಕ್ಕೆ ಹೋದ ಅಮೆರಿಕದ ಕೋಳಿ ಕಾಲುಗಳಿಗೆ ಅಲ್ಲಿನ ಜನ 'ಬುಷ್ ಕಾಲು' ಎಂದು ಆಗಿನ ಅಮೆರಿಕದ ಅಧ್ಯಕ್ಷರ ಹೆಸರನ್ನೇ ಇಟ್ಟರು. ರಷ್ಯಾ 2003ರಿಂದ ಆಮದಿಗೆ ಕೋಟಾ ಹಾಕಿ, ತನ್ನ ಕೋಳಿ ಉದ್ಯಮವನ್ನು ಬೆಳೆಸಿ, ಇಂದು ತಾನೇ ಹೊರಗೆ ಮಾರುತ್ತಿದೆ. ಆಫ್ರಿಕಾದ ಘಾನಾ ಅದೇ 2003ರಲ್ಲಿ ಕೋಳಿ ಸುಂಕವನ್ನು ಶೇ. 20ರಿಂದ ಶೇ. 40ಕ್ಕೆ ಏರಿಸಲು ಕಾನೂನು ಮಾಡಿತು. ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿಯೊಡನೆ ಮಾತುಕತೆಯಾದ ಮೇಲೆ ಅದನ್ನು ಆ ವರ್ಷವೇ ಕೈಬಿಟ್ಟಿತು. ಇಂದು ಘಾನಾದ ಪೇಟೆಯಲ್ಲಿ ಬಹುಪಾಲು ಹೊರಗಿನ ಹೆಪ್ಪುಗಟ್ಟಿದ ಕೋಳಿ. ದಕ್ಷಿಣ ಆಫ್ರಿಕಾ ಅಮೆರಿಕದ ಕಾಲಿನ ಮೇಲೆ 2000ದಲ್ಲಿ ಸುರಿಕೆ ವಿರೋಧಿ ಸುಂಕ ಹಾಕಿತು. ಆದರೆ ತನ್ನ ಬೇರೆ ಸರಕುಗಳಿಗೆ ಅಮೆರಿಕದಲ್ಲಿದ್ದ ಸುಂಕ ವಿನಾಯಿತಿ ತಪ್ಪುವ ಬೆದರಿಕೆ ಬಂದಾಗ, 2015ರಲ್ಲಿ ವರ್ಷಕ್ಕೆ 65,000 ಟನ್ ಕಾಲನ್ನು ಆ ಸುಂಕವಿಲ್ಲದೆ ಒಳಗೆ ಬಿಡಲು ಒಪ್ಪಬೇಕಾಯಿತು. ಯಾವುದೋ ಕಾರು, ಹಣ್ಣಿನ ವ್ಯಾಪಾರ ಉಳಿಸಲು ಕೋಳಿಯವರು ತೆತ್ತರು. ವ್ಯಾಪಾರ ಒಪ್ಪಂದಗಳಲ್ಲಿ ಇಂತಹ ಕೊಡುಕೊಳೆ ಮಾಮೂಲು.

ನಮ್ಮಲ್ಲಿ ಇಡೀ ಕೋಳಿಗೆ ಶೇ. 30, ಕತ್ತರಿಸಿದ ಭಾಗಗಳಿಗೆ ಶೇ. 100 ಆಮದು ಸುಂಕ ನಿಗದಿಯಾದದ್ದು ಈ ಕಾಲಿನ ಕಾರಣದಿಂದಲೇ. ಇಡೀ ಕೋಳಿಯನ್ನು ಯಾರೂ ಉಳಿಕೆ ಬೆಲೆಗೆ ಮಾರುವುದಿಲ್ಲ, ಭಯವಿರುವುದು ಕಾಲಿನದು.

ರೋಗದ ಹೆಸರಿನ ಬೇಲಿ

ಸುಂಕವಲ್ಲದೆ ಇನ್ನೊಂದು ಬೇಲಿಯೂ ಇತ್ತು. ಅದು ಹಕ್ಕಿಜ್ವರದ್ದು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿತು. 2007ರಲ್ಲಿ ಭಾರತ, ಹಕ್ಕಿಜ್ವರ ವರದಿಯಾದ ಯಾವುದೇ ದೇಶದಿಂದ ಕೋಳಿ ಪದಾರ್ಥ ತರಕೂಡದೆಂದು ನಿಷೇಧ ಹಾಕಿತು. ಅಷ್ಟೇನೂ ಅಪಾಯವಲ್ಲದ ಸೌಮ್ಯ ಬಗೆಯ ಜ್ವರ ಕಂಡರೂ ಇಡೀ ದೇಶಕ್ಕೆ ನಿಷೇಧ. ಅಮೆರಿಕ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2014ರಲ್ಲಿ ಭಾರತ ಸೋತಿತು, 2015ರ ಜೂನ್‌ನಲ್ಲಿ ಮೇಲ್ಮನವಿಯಲ್ಲೂ ಸೋತಿತು.

ಏಕೆ ಸೋತೆವು? ನಿಷೇಧಕ್ಕೆ ಬೇಕಾದ ಅಪಾಯದ ವೈಜ್ಞಾನಿಕ ಮೌಲ್ಯಮಾಪನವನ್ನು ಮುಂದಿಡಲಾಗಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊರಗಿನವರಿಗೆ ಒಂದು ಅಳತೆ, ಒಳಗಿನವರಿಗೆ ಇನ್ನೊಂದು ಅಳತೆ ಎಂದಾಯಿತು. ನಮ್ಮಲ್ಲಿ ಜ್ವರ ಕಂಡರೆ ಆ ಜಾಗದ ಸುತ್ತ ಒಂದು ಕಿಲೋಮೀಟರಿನಷ್ಟು ಪ್ರದೇಶದಲ್ಲಿ ಕೋಳಿಗಳನ್ನು ನಾಶ ಮಾಡಿ, ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲಿಡುತ್ತಾರೆ. ಉಳಿದ ಕಡೆ ವ್ಯಾಪಾರ ನಡೆಯುತ್ತದೆ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರದಲ್ಲಿ ಟರ್ಕಿ ಕೋಳಿಗಳಿಗೆ ಜ್ವರ ಬಂದಾಗ ಇಡೀ ದೇಶದಲ್ಲಿ ಕೋಳಿ ಮಾರಾಟ ನಿಲ್ಲಿಸಲಿಲ್ಲವಲ್ಲ. ಆದರೆ ಅಮೆರಿಕದ ಒಂದು ಮೂಲೆಯಲ್ಲಿ ಬಂದರೆ ಅಷ್ಟೂ ರಾಜ್ಯಗಳ ಕೋಳಿ ಬೇಡ ಎಂದೆವು. ಸೌಮ್ಯ ಬಗೆಯ ಜ್ವರಕ್ಕಂತೂ ನಮ್ಮಲ್ಲಿ ಸರಿಯಾದ ತಪಾಸಣೆಯೇ ಇರಲಿಲ್ಲ. ನೋವಿನ ಸಂಗತಿಯಾದರೂ ಈ ತೀರ್ಪಿನಲ್ಲಿ ತಿರುಳಿದೆ ಎಂದು ಒಪ್ಪಬೇಕು. ರೋಗದ ಕಾರಣ ಹೇಳಿ ಹೊರಗಿನದನ್ನು ತಡೆಯಬೇಕಾದರೆ ಒಳಗಿನ ತಪಾಸಣೆ ಅಷ್ಟೇ ಬಿಗಿಯಾಗಿರಬೇಕು. ಹಾಲಿನ ವಿಷಯದಲ್ಲೂ ಇದನ್ನು ನೆನಪಿಡುವುದು ಒಳ್ಳೆಯದು. ರಕ್ತ, ಮಾಂಸದ ಪುಡಿ ತಿನ್ನಿಸಿದ ದನದ ಹಾಲಿನ ಪದಾರ್ಥ ಬೇಡವೆಂದು ನಮ್ಮ ದೇಶ ಕೇಳುವ ಪ್ರಮಾಣಪತ್ರದ ಮೇಲೂ ಅಮೆರಿಕದ ತಕರಾರಿದೆ.

ತೀರ್ಪಿನ ನಂತರ ಅಮೆರಿಕ ವರ್ಷಕ್ಕೆ 45 ಕೋಟಿ ಡಾಲರ್ ಪರಿಹಾರ ರೂಪದ ಪ್ರತೀಕಾರ ಸುಂಕಕ್ಕೆ ಅರ್ಜಿ ಹಾಕಿತು. ವರ್ಷಗಟ್ಟಲೆ ಎಳೆದಾಡಿ 2023ರ ಸೆಪ್ಟೆಂಬರಿನಲ್ಲಿ ರಾಜಿಯಾಯಿತು. ಹೆಪ್ಪುಗಟ್ಟಿದ ಟರ್ಕಿ ಕೋಳಿ, ಬಾತುಕೋಳಿ ಮತ್ತು ಕೆಲವು ಹಣ್ಣುಗಳ ಸುಂಕ ಇಳಿಸಲು ಭಾರತ ಒಪ್ಪಿತು. ಟರ್ಕಿಯದು ಶೇ. 30ರಿಂದ ಶೇ. 5ಕ್ಕೆ ಬಂತು. ಕೋಳಿ ಕಾಲಿನ ಶೇ. 100ನ್ನು ಮುಟ್ಟಲಿಲ್ಲ. ರೋಗದ ಬೇಲಿ ಸಡಿಲವಾದ ಮೇಲೆ ಕಾಲನ್ನು ತಡೆದು ನಿಂತದ್ದು ಈ ಒಂದು ಸುಂಕ. ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗಲೆಲ್ಲ ಕೋಳಿ ಉದ್ಯಮದವರು ಉಸಿರು ಬಿಗಿಹಿಡಿದು ಪಟ್ಟಿ ನೋಡುವುದು ಇದಕ್ಕೇ.

ಹೊರಗೆ ಕಳಿಸುವ ಮೊಟ್ಟೆಯ ಮಾತೂ ಸ್ವಲ್ಪ. ತಮಿಳುನಾಡಿನ ನಾಮಕ್ಕಲ್‌ನಿಂದ ಕೊಲ್ಲಿ ದೇಶಗಳಿಗೆ ಮೊಟ್ಟೆ ಹೋಗುತ್ತದೆ. ಇಲ್ಲಿ ಎಲ್ಲೋ ಹಕ್ಕಿಜ್ವರ ಬಂದು ಆ ದೇಶಗಳು ಕೊಳ್ಳುವುದು ನಿಲ್ಲಿಸಿದರೆ, ಹಡಗು ಹತ್ತಬೇಕಾದ ಮೊಟ್ಟೆ ಲಾರಿ ಹತ್ತಿ ಬೆಂಗಳೂರಿಗೆ ಬರುತ್ತದೆ. ನಮ್ಮ ಮೊಟ್ಟೆ ಫಾರಂಗಳು ಏನೂ ಮಾಡದಿದ್ದರೂ ಬೆಲೆ ಬೀಳುತ್ತದೆ. ಮರಿಯದು ಇನ್ನೂ ಉದ್ದದ ದಾರಿ. ಮಾಂಸದ ಕೋಳಿಯ ಅಜ್ಜಿ ತಳಿಗಳಲ್ಲಿ ಹಲವು ಹೊರದೇಶದವು. ಅಲ್ಲಿ ಜ್ವರ ಬಂದು ಆಮದು ನಿಂತರೆ ಇಲ್ಲಿ ತಕ್ಷಣ ಏನೂ ಕಾಣುವುದಿಲ್ಲ. ಅಜ್ಜಿ ಬೆಳೆದು ಮೊಟ್ಟೆಯಿಡಲು ಆರು ತಿಂಗಳು, ತಾಯಿ ಬೆಳೆಯಲು ಮತ್ತೆ ಆರು ತಿಂಗಳು, ನಡುವೆ ಮರಿ ಒಡೆಯುವ ದಿನಗಳು. ವರ್ಷ ಕಳೆದ ಮೇಲೆ ಮರಿಗೆ ಅಭಾವ ಬರುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಕೊನೆಗೆ ಶೆಡ್ಡಿನ ಬಾಗಿಲಿಗೆ

ನಮ್ಮ ಕಡೆ ಮಾಂಸದ ಕೋಳಿ ಸಾಕುವವರಲ್ಲಿ ಹೆಚ್ಚಿನವರು ಕಂಪನಿಯೊಡನೆ ಕರಾರು ಮಾಡಿಕೊಂಡವರು. ಮರಿ, ಆಹಾರ, ಔಷಧ ಕಂಪನಿಯದು. ಶೆಡ್ಡು, ಹೊಟ್ಟು, ಕರೆಂಟು, ದುಡಿಮೆ ಸಾಕುವವರದು. ಕಿಲೋಗೆ ಇಷ್ಟು ಎಂದು ಸಾಕಣೆ ಹಣ. ಆಹಾರದ ಬೆಲೆ ಏರಿದರೂ ಇಳಿದರೂ ನಮಗೇನು, ಕಂಪನಿಯ ತಲೆನೋವು ಎಂದು ಅನೇಕರು ತಿಳಿದಿದ್ದಾರೆ. ಕರಾರಿನ ಕಾಗದದ ಪ್ರಕಾರ ಅದು ಸರಿ. ನಡೆಯುವುದು ಬೇರೆ.

ಖರ್ಚು ಏರಿ ಕೋಳಿಯ ದರ ಏರದಿದ್ದಾಗ ಕಂಪನಿ ಸಾಕಣೆ ಹಣವನ್ನು ಇಳಿಸಬೇಕೆಂದಿಲ್ಲ. ಮರಿ ಬಿಡುವುದನ್ನು ಕಡಿಮೆ ಮಾಡಿದರೆ ಸಾಕು. 42 ದಿನದ ಬ್ಯಾಚು, 15 ದಿನದ ಬಿಡುವು ಎಂದರೆ ವರ್ಷಕ್ಕೆ ಆರು ಬ್ಯಾಚಿಗೂ ಸ್ವಲ್ಪ ಹೆಚ್ಚು. ಬಿಡುವು 30 ದಿನವಾದರೆ ಐದೇ ಬ್ಯಾಚು. 5,000 ಕೋಳಿಯ ಶೆಡ್ಡಿನಲ್ಲಿ 9,500 ಕಿಲೋ, ಕಿಲೋಗೆ 8 ರೂ. ಎಂದಿಟ್ಟುಕೊಂಡರೂ ಒಂದು ಬ್ಯಾಚಿಗೆ 76,000 ರೂ. ಬಿಡುವು ಹೆಚ್ಚಾದದ್ದಕ್ಕೇ ವರ್ಷಕ್ಕೆ ಒಂದು ಲಕ್ಷ ರೂಪಾಯಿ ಹೋಯಿತು. ಬ್ಯಾಂಕಿನ ಕಂತಿಗೆ ಬಿಡುವಿಲ್ಲ. ಅದನ್ನು ಹಾಲಿನ ಬಟವಾಡೆಯಿಂದ ಕಟ್ಟಿದವರು ನಮ್ಮ ಸದಸ್ಯರಲ್ಲೇ ಇದ್ದಾರೆ. ಬಂದರಿನಲ್ಲಿ ಆದ ತೀರ್ಮಾನ ಸಣ್ಣ ಸಾಕಣೆದಾರನ ಮನೆಗೆ ಖಾಲಿ ಶೆಡ್ಡಿನ ರೂಪದಲ್ಲಿ ಬರುತ್ತದೆ.

ಆದ್ದರಿಂದ ಹೊಸದಾಗಿ ಶೆಡ್ಡು ಕಟ್ಟಲು ಸಾಲ ಮಾಡುವ ಸದಸ್ಯರು ವರ್ಷಕ್ಕೆ ಆರು ಬ್ಯಾಚು ಎಂಬ ಲೆಕ್ಕವನ್ನು ನಂಬಿ ಕಂತು ನಿಗದಿ ಮಾಡಿಕೊಳ್ಳಬೇಡಿ. ನಾಲ್ಕೂವರೆ, ಐದು ಬ್ಯಾಚಿನಲ್ಲೂ ಕಟ್ಟಲು ಆಗುವಷ್ಟೇ ಸಾಲ ಮಾಡಿ. ಕರಾರಿಗೆ ಸಹಿ ಹಾಕುವ ಮುನ್ನ ವರ್ಷಕ್ಕೆ ಕನಿಷ್ಠ ಎಷ್ಟು ಬ್ಯಾಚು, ಬಿಡುವು ಇಷ್ಟು ದಿನ ಮೀರಿದರೆ ಏನಾದರೂ ಕೊಡುತ್ತೀರಾ, ದರ ಬಿದ್ದಾಗ ಕೋಳಿ ಎತ್ತುವುದು ತಡವಾದರೆ ಆ ಹೆಚ್ಚಿನ ದಿನಗಳಲ್ಲಿ ತಿಂದ ಆಹಾರ ಯಾರ ಲೆಕ್ಕಕ್ಕೆ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಕೇಳಿ, ಒಂದು ಪ್ರತಿ ನಿಮ್ಮ ಬಳಿ ಇರಲಿ. ಒಬ್ಬೊಬ್ಬರೇ ಕೇಳಿದರೆ ಕಂಪನಿಯ ಮೇಲ್ವಿಚಾರಕ ನಕ್ಕು ಹೋಗಬಹುದು. ಊರಿನ ಹತ್ತು ಶೆಡ್ಡಿನವರು ಒಟ್ಟಾಗಿ ಕೇಳಿದರೆ ಕುಳಿತು ಮಾತಾಡುತ್ತಾನೆ. ಸಂಘ ಕಟ್ಟಿ ಹಾಲು ಮಾರುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೆಕ್ಕೆಜೋಳ ಬೆಳೆಯುವ ಸದಸ್ಯರು ಕಾಳನ್ನು ತೇವಾಂಶ ಶೇ. 14ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ. ಅಕ್ಟೋಬರ್, ನವೆಂಬರಿನಲ್ಲಿ ಆಮದು ಕಾಳು ಪೇಟೆಯಲ್ಲಿರುವ ವರ್ಷ ಖರೀದಿದಾರ ಮೊದಲು ನೆಪ ತೆಗೆಯುವುದು ತೇವದ ಮೇಲೆಯೇ. ಒಣಗಿದ ಕಾಳನ್ನು ಎರಡು ಮೂರು ತಿಂಗಳು ಇಟ್ಟು ಮಾರಬಹುದು, ಹಸಿ ಕಾಳು ಆ ಅವಕಾಶ ಕೊಡುವುದಿಲ್ಲ. ಇನ್ನೊಂದು ಮಾತು: ಬೂಷ್ಟು ಹಿಡಿದು ಕೋಳಿಯವರು ಬೇಡವೆಂದ ಕಾಳನ್ನು ದಂಡವಾಗಬಾರದೆಂದು ಹಸುವಿನ ಬಾನಿಗೆ ಹಾಕುವವರಿದ್ದಾರೆ. ಹಾಗೆ ಮಾಡಬೇಡಿ. ಬೂಷ್ಟಿನ ವಿಷ ಕೋಳಿಯಂತೆ ಹಸುವಿನ ಯಕೃತ್ತನ್ನೂ ಕೆಡಿಸುತ್ತದೆ, ಅದರ ಒಂದಂಶ ಹಾಲಿಗೂ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ.